ಅಪ್ಪನಿಗೆ ಮೂರು ಕಡೆ ಔಷಧಿ, ಲೆಕ್ಕ ಇಡೋರು ಯಾರು?

ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ಹವಾಲ್ದಾರ್ ಆಗಿ ಸೇನೆಯಿಂದ ನಿವೃತ್ತರಾದವರು, ಈಗ 68 ವರ್ಷ. ಹೋದ ವರ್ಷ ಮೈಸೂರಿನ ಖಾಸಗಿ ಆಸ್ಪತ್ರೆಯಲ್ಲಿ ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಮೇಲೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದೆವು. ತಿಂಗಳ ಔಷಧಿ ಮಡಿಕೇರಿಯಲ್ಲಿರುವ ಅದೇ ಯೋಜನೆಯ ಪಾಲಿಕ್ಲಿನಿಕ್‌ನಿಂದ. ಮಳೆಗಾಲದಲ್ಲಿ ಅಲ್ಲಿಗೆ ಹೋಗೋದು ಕಷ್ಟ, ಆಗ ಊರಿನ ಡಾಕ್ಟರಿಗೆ ತೋರಿಸುತ್ತೇವೆ. ಮಂಡಿನೋವಿಗೆ ಮೆಡಿಕಲ್‌ನಿಂದ ತಾವೇ ಮಾತ್ರೆ ತರುತ್ತಾರೆ. ಈಗ ಕಾಲು ಊದಿದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಒಬ್ಬ ಡಾಕ್ಟರ್ ಕೊಟ್ಟಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಕಾಲು ಊತ ಮತ್ತು ತಲೆಸುತ್ತು. ಇದನ್ನು ಈ ವಾರವೇ ತೋರಿಸಿ. ಹೃದಯದ ಕಾರಣವೂ ಇರಬಹುದು, ಅದಕ್ಕೇ ತಡ ಮಾಡಬೇಡಿ. ನನಗೆ ಇನ್ನೊಂದು ಅನುಮಾನವೂ ಇದೆ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಮೇಜಿನ ಮೇಲೆ ಹರಡಿ. ಕಂಪನಿ ಇಟ್ಟ ಹೆಸರು ಬಿಟ್ಟು, ಔಷಧಿಯ ಮೂಲ ಹೆಸರು ಓದಿ. ಹೀಗೆ ಓದಿದಾಗ ಎಷ್ಟೋ ಮನೆಗಳಲ್ಲಿ ಬೇರೆ ಬೇರೆ ಬಣ್ಣದ ಎರಡು ಸ್ಟ್ರಿಪ್‌ಗಳ ಮೇಲೂ ‘ಅಮ್ಲೋಡಿಪಿನ್’ ಅಂತಲೇ ಇರುತ್ತದೆ. ಬಿಪಿಯ ಒಂದೇ ಮಾತ್ರೆ, ದಿನಕ್ಕೆ ಎರಡು ಸಲ ಹೊಟ್ಟೆಗೆ ಹೋಗುತ್ತಿರುತ್ತದೆ. ಡೋಸ್ ಜಾಸ್ತಿಯಾದರೆ ಕಾಲು ಊದುತ್ತದೆ, ತಲೆ ಸುತ್ತುತ್ತದೆ. ಪಾಲಿಕ್ಲಿನಿಕ್‌ನಲ್ಲಿ ಸ್ಟಾಕ್ ಇರುವ ಕಂಪನಿಯದನ್ನು ಕೊಡುತ್ತಾರೆ, ಊರಿನ ಡಾಕ್ಟರ್ ಬೇರೆ ಕಂಪನಿಯದನ್ನು ಬರೆಯುತ್ತಾರೆ. ಇಬ್ಬರದೂ ತಪ್ಪಲ್ಲ. ಆದರೆ ಎರಡೂ ಚೀಟಿ ಒಟ್ಟಿಗೆ ನೋಡಿದವರು ಯಾರೂ ಇಲ್ಲ, ಅಲ್ವಾ?

ಮಂಡಿನೋವಿನ ಮಾತ್ರೆ ನನಗೆ ಇನ್ನೂ ಹೆಚ್ಚಿನ ಚಿಂತೆ. ಸ್ಟೆಂಟ್ ಹಾಕಿದವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಇರುತ್ತದೆ. ಅದರ ಜೊತೆ ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು, ಕಿಡ್ನಿಗೂ ಪೆಟ್ಟು. ಡಾಕ್ಟರನ್ನು ಕೇಳುವವರೆಗೆ ಅದನ್ನು ನಿಲ್ಲಿಸಿ. ಮಲ ಕಪ್ಪಗೆ ಡಾಂಬರಿನ ಹಾಗೆ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸ್ಟೆಂಟಿನ ಮಾತ್ರೆಗಳನ್ನು ಮಾತ್ರ ಯಾರೋ ಹೇಳಿದರು ಅಂತ ಒಂದು ದಿನವೂ ಬಿಡಬೇಡಿ.

ಈಗ ಲೆಕ್ಕದ ಮಾತು. 2003ರ ಏಪ್ರಿಲ್‌ನಲ್ಲಿ ಶುರುವಾದ ಇಸಿಎಚ್‌ಎಸ್‌ನಲ್ಲಿ ಪಾಲಿಕ್ಲಿನಿಕ್ಕೇ ನಡುಮನೆ. ರೆಫರಲ್ (ಬೇರೆ ಆಸ್ಪತ್ರೆಗೆ ಕಳಿಸುವ ಚೀಟಿ) ಅಲ್ಲಿಂದ, ತಿಂಗಳ ಔಷಧಿ ಅಲ್ಲಿಂದ. ಹಾಗಾಗಿ ಅಲ್ಲಿನ ಮೆಡಿಕಲ್ ಆಫೀಸರ್ ಕೈಯಲ್ಲೇ ಪೂರ್ತಿ ಪಟ್ಟಿ ಇರಬೇಕು. ಮೈಸೂರಿನ ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಅಲ್ಲಿ ಕೊಟ್ಟಿದ್ದೀರಾ? ಇಲ್ಲದಿದ್ದರೆ ಮುಂದಿನ ಸಲ ಮೊದಲ ಕೆಲಸ ಅದೇ. ಜೊತೆಗೆ ಒಂದೇ ಹಾಳೆಯಲ್ಲಿ ಬರೆಯಿರಿ: ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಯಾರು ಕೊಟ್ಟರು, ಯಾವಾಗಿನಿಂದ. ಕೆಳಗೆ ಸ್ಟೆಂಟ್ ಹಾಕಿದ ತಾರೀಕು, ಕೊನೆಯ ಸಲ ನೋಡಿದ ಸಕ್ಕರೆ ಮತ್ತು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ). ಊರಿನ ಡಾಕ್ಟರಿಗೂ ಅದೇ ಹಾಳೆ ತೋರಿಸಿ, ಬದಲಾವಣೆ ಇದ್ದರೆ ಅದರ ಮೇಲೇ ಬರೆಸಿ.

ನೀವೂ ಒಳಗೆ ಹೋಗಿ ಕೂತುಕೊಳ್ಳಿ. ಸೇನೆಯಲ್ಲಿದ್ದವರು ‘ಸಬ್ ಠೀಕ್ ಹೈ’ ಅಂದು ಎದ್ದು ಬಂದುಬಿಡುತ್ತಾರೆ. ತಲೆಸುತ್ತಿನ ವಿಷಯ ಅಪ್ಪ ಡಾಕ್ಟರಿಗೆ ಹೇಳಿರಲಿಕ್ಕಿಲ್ಲ.

ಮಳೆಯಲ್ಲಿ ದಾರಿ ಕೆಟ್ಟಾಗ ಸೇಹತ್ ಒಪಿಡಿ ಇದೆ. ರಕ್ಷಣಾ ಇಲಾಖೆ 2021ರಲ್ಲಿ ಶುರು ಮಾಡಿದ್ದು. ಮಾಜಿ ಸೈನಿಕರೂ ಅವರ ಮನೆಯವರೂ ಫೋನಿನಲ್ಲೇ ವಿಡಿಯೊ ಮೂಲಕ ಡಾಕ್ಟರ ಜೊತೆ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆಗಲೂ ಆ ಹಾಳೆ ಕೈಯಲ್ಲಿರಲಿ. ಆ ಡಾಕ್ಟರೂ ಅಪ್ಪನಿಗೆ ಹೊಸಬರೇ.

ಎದೆನೋವು ಬಂದರೆ ರೆಫರಲ್‌ಗಾಗಿ ಮಡಿಕೇರಿಗೆ ಓಡಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ. ತುರ್ತು ಸ್ಥಿತಿಯಲ್ಲಿ ಯೋಜನೆಯ ಆಸ್ಪತ್ರೆಗಳ ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೂ ಸರಿ. 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಿ. ತುರ್ತು ಅಂತ ಆಸ್ಪತ್ರೆಯಿಂದ ಬರೆಸಿಕೊಳ್ಳಿ, ಮೂಲ ಬಿಲ್‌ಗಳನ್ನು ಜೋಪಾನ ಮಾಡಿ. ಹಣ ಸರ್ಕಾರದ ದರದಂತೆ ವಾಪಸ್ ಬರುತ್ತದೆ, ಅದಕ್ಕಿಂತ ಜಾಸ್ತಿಯಾದದ್ದು ನಿಮ್ಮ ಕೈಯಿಂದ ಹೋಗಬಹುದು. ಪಾಲಿಕ್ಲಿನಿಕ್‌ನ ಫೋನ್ ನಂಬರ್ ಮತ್ತು ಕಾರ್ಡಿನ ಫೋಟೊ ಇವತ್ತೇ ಮನೆಯವರೆಲ್ಲರ ಮೊಬೈಲಿಗೆ ಹಾಕಿಡಿ.