ಆಡಿಟ್ ಇದ್ದ ಮೇಲೆ ಮೇಲ್ವಿಚಾರಣಾ ಮಂಡಳಿ ಯಾಕೆ?

ವರ್ಷಕ್ಕೊಮ್ಮೆ ಆಡಿಟ್ ಆಗುತ್ತದಲ್ಲ, ವಂಚನೆ ತಡೆಯಲು ಮೇಲ್ವಿಚಾರಣಾ ಮಂಡಳಿ ಬೇರೆ ಯಾಕೆ ಅಂತ ಕೇಳಿದ್ದೀರಿ. ಆಡಿಟರ್ ಸಾಮಾನ್ಯವಾಗಿ ನೋಡುವುದು ಆರಿಸಿಕೊಂಡ ಕೆಲವು ವೋಚರ್‌ಗಳನ್ನು. ಕಾಗದಪತ್ರ ನೆಟ್ಟಗಿದ್ದರೆ ಸುಳ್ಳು ಬಿಲ್ಲೂ ಪಾಸಾಗಿಬಿಡುತ್ತದೆ. ವಂಚನೆ ಪತ್ತೆ ಮಾಡುವವರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇಯ 2024ರ ವರದಿಯಲ್ಲಿ, 43% ಪ್ರಕರಣಗಳು ಬಯಲಾಗಿದ್ದು ಯಾರೋ ಕೊಟ್ಟ ಸುಳಿವಿನಿಂದ. ಹೊರಗಿನ ಆಡಿಟ್‌ನಿಂದ ಬರೀ 3%.

ಮಂಡಳಿ ಕೆಲಸಕ್ಕೆ ಬರುವುದು ಇಲ್ಲೇ. ಮ್ಯಾನೇಜರೇ ದುಡ್ಡು ಹೊಡೆಯುತ್ತಿದ್ದರೆ ಗುಮಾಸ್ತ ಯಾರಿಗೆ ಹೇಳಬೇಕು? ದೂರು ನೇರವಾಗಿ ಮಂಡಳಿಗೆ ಹೋಗುವ ದಾರಿ ಇರಬೇಕು. ಒಳಗಿನ ಆಡಿಟರ್‌ನ ನೇಮಕ, ವಜಾ ಕೂಡ ಮಂಡಳಿ ಕೈಯಲ್ಲೇ ಇರಲಿ. ಇಲ್ಲದಿದ್ದರೆ ಅವರು ಬಾಯಿ ಬಿಡುವುದಿಲ್ಲ.

ಹೆಸರಿಗಷ್ಟೇ ಮಂಡಳಿ ಇದ್ದರೆ ಸುಮ್ನೆ ದಂಡ. ಅಮೆರಿಕದ ಇಂಧನ ಕಂಪನಿ ಎನ್ರಾನ್‌ನಲ್ಲಿ ಮಂಡಳಿಯೂ ಇತ್ತು, ಆಡಿಟ್ ಸಮಿತಿಯೂ ಇತ್ತು. ಹಣಕಾಸು ಮುಖ್ಯಸ್ಥ ತಾನೇ ನಡೆಸುವ ಪಾಲುದಾರಿಕೆಗಳ ಮೂಲಕ ಅದೇ ಕಂಪನಿಯ ಜೊತೆ ವ್ಯವಹಾರ ಮಾಡಲು, ನೀತಿಸಂಹಿತೆ ಸಡಿಲಿಸಿ ಒಪ್ಪಿಗೆ ಕೊಟ್ಟಿದ್ದು ಆ ಮಂಡಳಿಯೇ! 2001ರಲ್ಲಿ ಕಂಪನಿ ದಿವಾಳಿ.

ನೀವು ಮಂಡಳಿ ಮಾಡುವುದಾದರೆ, ಲೆಕ್ಕ ಓದಲು ಬರುವ, ಆಡಳಿತದವರ ಹಂಗಿಲ್ಲದ ಒಬ್ಬರಾದರೂ ಇರಲಿ. ಬ್ಯಾಂಕ್ ಸ್ಟೇಟ್‌ಮೆಂಟನ್ನು ಬ್ಯಾಂಕಿನಿಂದಲೇ ನೇರ ತರಿಸಿಕೊಳ್ಳಲಿ. ಮ್ಯಾನೇಜರ್ ಕೊಡುವ ಜೆರಾಕ್ಸ್ ಬೇಡ.