ನೂಲಿನ ಚಾವಣಿಯಲ್ಲಿ ಕಂಪ್ಯೂಟರ್ ಪಾಲೆಷ್ಟು?

ಗಂಗಾವತಿಯ ಸೆಂಟ್ರಿಂಗ್ ಗುತ್ತಿಗೆದಾರರೊಬ್ಬರು ಪತ್ರ ಬರೆದಿದ್ದಾರೆ. ಜರ್ಮನಿಯಲ್ಲಿ ರೋಬೋಟ್ ನೂಲು ಸುತ್ತಿ ಮಂಟಪ ಕಟ್ಟಿತಂತೆ, ಡಿಸೈನೂ ಕಂಪ್ಯೂಟರಿನದೇ ಅಂತೆ. ಹಾಗಾದರೆ ಇಂಜಿನಿಯರಿಗೇನು ಕೆಲಸ? ನಮ್ಮ ಪುಂಡಿ ನಾರಿನಲ್ಲೂ ಇದು ಆಗುತ್ತದಾ?

ಸರ್, ಅದು 2019ರಲ್ಲಿ ಹೈಲ್‌ಬ್ರಾನ್ ಊರಿನ ತೋಟಗಾರಿಕೆ ಪ್ರದರ್ಶನಕ್ಕೆ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ಆಕಿಮ್ ಮೆಂಗೆಸ್, ಯಾನ್ ಕ್ನಿಪ್ಪರ್ಸ್ ತಂಡಗಳು ಕಟ್ಟಿದ ಮಂಟಪ. 60 ತುಂಡು, ನಡುವೆ ಕಂಬವಿಲ್ಲದೆ 23 ಮೀಟರ್ ಅಗಲ, ಚದರ ಮೀಟರಿಗೆ ಬರೀ 7.6 ಕೆಜಿ. ನಿಮ್ಮ ಐದಿಂಚಿನ ಸ್ಲ್ಯಾಬ್ 300 ಕೆಜಿ ದಾಟುತ್ತದೆ. ಆದರೆ ಸ್ಲ್ಯಾಬ್ ಮೇಲೆ ಜನ ಓಡಾಡುತ್ತಾರೆ. ಇದರ ಮೇಲಿದ್ದದ್ದು ತೆಳು ಹಾಳೆ, ಅಷ್ಟೇ.

ನಿಮಗೆ ಬೇಜಾರಾಗಬಹುದು, ಇದಕ್ಕೆ ಸೆಂಟ್ರಿಂಗೇ ಬೇಡ. ಎರಡು ಚೌಕಟ್ಟು ನಿಲ್ಲಿಸುತ್ತಾರೆ. ರಾಳದಲ್ಲಿ ತೊಯ್ದ ಗಾಜಿನ ನಾರನ್ನು ರೋಬೋಟ್ ಒಂದರಿಂದ ಇನ್ನೊಂದಕ್ಕೆ ಸುತ್ತುತ್ತಾ ಹೋಗುತ್ತದೆ. ಹೊರಸು ಹೆಣೆಯುವಾಗ ಅಡ್ಡ ಹಗ್ಗ ಬಿದ್ದಂತೆಲ್ಲ ಮೊದಲಿನ ಹಗ್ಗ ಬಾಗುತ್ತದಲ್ಲ, ಇಲ್ಲೂ ಹಾಗೇ. ಹೊಸ ಎಳೆ ಹಳೆಯದನ್ನು ಒತ್ತಿ ಒಳಕ್ಕೆ ಬಾಗಿಸುತ್ತದೆ. ಆಮೇಲೆ ಭಾರ ಬೀಳುವ ಜಾಗಕ್ಕೆ ಮಾತ್ರ ಕಪ್ಪು ಕಾರ್ಬನ್ ನಾರು. ರಾಳ ಗಟ್ಟಿಯಾದ ಮೇಲೆ ಚೌಕಟ್ಟು ಬಿಚ್ಚುತ್ತಾರೆ.

ಸುತ್ತುವ ಸರದಿ ಬದಲಾದರೆ ಆಕಾರವೇ ಬದಲಾಗುತ್ತದೆ. ಕಂಪ್ಯೂಟರ್ ಬೇಕಾಗುವುದು ಇಲ್ಲಿ. ಗಾಳಿ ಇಷ್ಟು, ಭಾರ ಇಷ್ಟು, ರೋಬೋಟಿನ ಕೈ ಇಲ್ಲಿವರೆಗೆ ಅಂತ ಮನುಷ್ಯರು ಹೇಳಬೇಕು. ಕಂಪ್ಯೂಟರ್ ಸುತ್ತುವ ನೂರೆಂಟು ದಾರಿ ಹುಟ್ಟಿಸಿ, ಸೋಸಿ ಮುಂದಿಡುತ್ತದೆ. ಯಾವುದನ್ನು ನಂಬಬೇಕು ಅನ್ನೋದು ಇಂಜಿನಿಯರ್ ತಲೆನೋವು. ಅಲ್ಲೂ ಪರದೆಯ ಲೆಕ್ಕ ನಂಬಿ ಸುಮ್ನೆ ಕೂರಲಿಲ್ಲ. ಇಡೀ ತುಂಡನ್ನೇ ಮುರಿಯುವವರೆಗೆ ಒತ್ತಿ ನೋಡಿದರು. ಒಂದು ತುಂಡು ಸುಮಾರು 25 ಟನ್‌ವರೆಗೆ ತಾಳುತ್ತದೆ.

ಪುಂಡಿ ಪ್ರಶ್ನೆ ನನಗೆ ಜಾಸ್ತಿ ಹಿಡಿಸಿತು. 2021ರಲ್ಲಿ ಇದೇ ವಿಶ್ವವಿದ್ಯಾಲಯದವರು ಫ್ರೈಬುರ್ಗ್‌ನಲ್ಲಿ ಅಗಸೆ ನಾರಿನ ಮಂಟಪ ಕಟ್ಟಿದರು. ನಾವು ಚಟ್ನಿಪುಡಿ ಕುಟ್ಟುವ ಅಗಸೆಯೇ! ಪುಂಡಿಯದೂ ಕಾಂಡದ ಸಿಪ್ಪೆಯ ನಾರೇ. ತೊಡಕು ಬೇರೆ ಇದೆ. ನೀರಲ್ಲಿ ಕೊಳೆಹಾಕಿ ಸುಲಿದ ನಾರು ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. ಎಲ್ಲ ಎಳೆಗೂ ಒಂದೇ ಬಲ ಅಂತ ಲೆಕ್ಕ ಹಾಕಿದರೆ ಪೆಟ್ಟು ತಿನ್ನುತ್ತೀರಿ. ತೇವ ಹೀರುತ್ತದೆ, ಬೆಂಕಿಗೂ ಬೇಗ ಸಿಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಮೆತ್ತಗಾಗದ ರಾಳವನ್ನೂ ಹುಡುಕಬೇಕು.

ಹಾಗಾಗಿ ಮನೆ ಚಾವಣಿಗೆ ಈಗಲೇ ಕೈ ಹಾಕಬೇಡಿ. ಒಂದು ಮೊಳದ ತುಂಡು ಸುತ್ತಿ, ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಮುರಿಯುವವರೆಗೆ ಒತ್ತಿಸಿ. ಬಂದ ಅಂಕಿಯನ್ನು ನಮಗೂ ಕಳಿಸಿ, ಅಚ್ಚು ಹಾಕುತ್ತೇವೆ.

— ಸಂ.