ಬೀದಿಯಲ್ಲೇ ವರ್ಷಗಳನ್ನು ಕಳೆದವರಿಗೆ ಮನೆ ಕೊಟ್ಟಾಗ ಆಗುವ ಸಾಮಾಜಿಕ ಪರಿಣಾಮವನ್ನು ಅಳೆಯುವುದು ಹೇಗೆ?

ಬೆಂಗಳೂರಿನಲ್ಲಿ ಇಂಥ ವಸತಿ ಯೋಜನೆಯಲ್ಲಿ ತೊಡಗಿರುವ ನೀವು ಕೇಳಿದ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ದೀರ್ಘಕಾಲ ಮನೆಯಿಲ್ಲದೆ ಬದುಕಿದವರಿಗೆ ವಸತಿ ಒದಗಿಸುವ ಯೋಜನೆಯ ಫಲವನ್ನು ಹೇಗೆ ಅಳೆಯುತ್ತಾರೆ ಎಂಬುದು ಒಂದು; ಸರ್ಕಾರಕ್ಕೆ ಉಳಿಯುವ ಹಣದ ಲೆಕ್ಕವನ್ನು ದಾನಿಗಳ ಮುಂದಿಟ್ಟರೆ ಸಾಲದೇ ಎಂಬುದು ಇನ್ನೊಂದು. ಟೊರಾಂಟೊದ ವಸತಿ ಸಂಸ್ಥೆಯೊಂದರಲ್ಲಿ ಮೌಲ್ಯಮಾಪನವೇ ನನ್ನ ಉದ್ಯೋಗವಾದ್ದರಿಂದ ಕೆನಡಾ ಮತ್ತು ಅಮೆರಿಕದ ಅನುಭವದ ಆಧಾರದ ಮೇಲೆ ಉತ್ತರಿಸುತ್ತೇನೆ. ಎರಡನೆಯದಕ್ಕೆ ನನ್ನ ಉತ್ತರ ‘ಸಾಲದು’ ಎಂದೇ.

ಎಲ್ಲಕ್ಕಿಂತ ಮೊದಲು ಅಳೆಯಬೇಕಾದದ್ದು ಆ ವ್ಯಕ್ತಿ ಎಷ್ಟು ರಾತ್ರಿಗಳನ್ನು ತನ್ನದೇ ಕೋಣೆಯಲ್ಲಿ ಕಳೆದರು ಎಂಬುದನ್ನು. ಇದು ಕೇಳಲು ಸುಲಭ, ಕಲೆಹಾಕಲು ಕಷ್ಟ. ‘ಕಳೆದ ಮೂರು ತಿಂಗಳು ಎಲ್ಲೆಲ್ಲಿ ಇದ್ದಿರಿ’ ಎಂದರೆ ಹೆಚ್ಚಿನವರು ‘ಅಲ್ಲಿ ಇಲ್ಲಿ’ ಎಂದು ಸುಮ್ಮನಾಗುತ್ತಾರೆ. ಆದ್ದರಿಂದ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿ, ಅಂಗವಿಕಲರ ಭತ್ಯೆ ಕೈಗೆ ಬಂದ ದಿನ, ಆಸ್ಪತ್ರೆಯಿಂದ ಹೊರಬಂದ ದಿನ, ಮೊದಲ ಹಿಮ ಬಿದ್ದ ರಾತ್ರಿ ಎಂದು ಒಂದೊಂದೇ ಗುರುತು ಹಾಕುತ್ತ, ಅವುಗಳ ನಡುವಿನ ರಾತ್ರಿಗಳನ್ನು ಶೆಲ್ಟರ್, ಪರಿಚಯದವರ ಸೋಫಾ, ಲಾಕಪ್ಪು, ರಾತ್ರಿ ಬಸ್ಸು ಎಂದು ತುಂಬುತ್ತ ಹೋಗುತ್ತೇವೆ. ಹೀಗೆ ಕುಳಿತರೆ ಮರೆತಿದ್ದ ವಾರಗಳೂ ನೆನಪಿಗೆ ಬರುತ್ತವೆ.

ಎರಡನೆಯ ಅಗತ್ಯ ಹೋಲಿಕೆಯ ಗುಂಪು, ಅಂದರೆ ಅಂಥದೇ ಸ್ಥಿತಿಯಲ್ಲಿದ್ದೂ ಯೋಜನೆಯ ಮನೆ ಸಿಗದವರು. ಜ್ವರ ನೆತ್ತಿಗೇರಿದಾಗಲೇ ವೈದ್ಯರ ಬಳಿಗೆ ಹೋಗುವಂತೆ, ಜನ ಈ ಯೋಜನೆಗಳಿಗೆ ಸೇರುವುದು ಬದುಕಿನ ಅತಿ ಕೆಟ್ಟ ಘಟ್ಟದಲ್ಲಿ. ಏನೂ ಮಾಡದಿದ್ದರೂ ಕೆಲವರ ಸ್ಥಿತಿ ಒಂದಿಷ್ಟು ಸುಧಾರಿಸುತ್ತದೆ. ಆ ಪಾಲನ್ನು ಕಳೆಯದೆ ‘ಮೊದಲು, ಆಮೇಲೆ’ ಎಂದಷ್ಟೇ ತೋರಿಸುವ ವರದಿಗಳನ್ನು ನಾನು ನಂಬುವುದಿಲ್ಲ. ಕೆನಡಾದಲ್ಲಿ 2009ರಿಂದ 2013ರವರೆಗೆ ವ್ಯಾಂಕೂವರ್, ವಿನಿಪೆಗ್, ಟೊರಾಂಟೊ, ಮಾಂಟ್ರಿಯಲ್, ಮಾಂಕ್ಟನ್ ನಗರಗಳಲ್ಲಿ ನಡೆದ ‘ಅಟ್ ಹೋಮ್’ ಅಧ್ಯಯನವು ಮಾನಸಿಕ ಕಾಯಿಲೆಯಿದ್ದ ಎರಡು ಸಾವಿರಕ್ಕೂ ಹೆಚ್ಚು ಮನೆಯಿಲ್ಲದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಕುಡಿತ ಬಿಡಬೇಕು, ಮಾತ್ರೆ ನುಂಗಬೇಕು ಎಂಬ ಷರತ್ತಿಲ್ಲದೆ ಮೊದಲು ಮನೆ, ಜೊತೆಗೆ ನೆರವಿನ ತಂಡ. ಇನ್ನೊಂದಕ್ಕೆ ನಗರದಲ್ಲಿ ಆಗಲೇ ಇದ್ದ ಸೇವೆಗಳು ಮಾತ್ರ. ಕೊನೆಯ ಆರು ತಿಂಗಳಲ್ಲಿ ಪೂರ್ತಿ ಕಾಲ ಮನೆಯಲ್ಲಿದ್ದವರು ಮೊದಲ ಗುಂಪಿನಲ್ಲಿ ಶೇ. 62, ಎರಡನೆಯದರಲ್ಲಿ ಶೇ. 31. ಆದರೆ ಮಾನಸಿಕ ಕಾಯಿಲೆಯ ಲಕ್ಷಣಗಳು ಮತ್ತು ವ್ಯಸನ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿದವು. ಹೋಲಿಕೆಯ ಗುಂಪು ಇಲ್ಲದಿದ್ದರೆ ಆ ಸುಧಾರಣೆಯ ಶ್ರೇಯವೆಲ್ಲ ಮನೆಗೇ ಸಲ್ಲುತ್ತಿತ್ತು.

ಈಗ ಹಣದ ಮಾತು. ನ್ಯೂಯಾರ್ಕ್‌ನ ಬಗ್ಗೆ 2002ರಲ್ಲಿ ಸಂಶೋಧಕ ಡೆನಿಸ್ ಕಲ್ಹೇನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಸಿದ್ಧ ಅಧ್ಯಯನದ ಪ್ರಕಾರ, ಮನೆ ಸಿಕ್ಕ ಬಳಿಕ ಶೆಲ್ಟರ್, ಆಸ್ಪತ್ರೆ, ಜೈಲುಗಳ ಖರ್ಚು ವರ್ಷಕ್ಕೆ ತಲಾ ಸುಮಾರು 16,000 ಡಾಲರ್ ಇಳಿಯಿತು. ಮನೆಗೆ ತಗುಲಿದ ವೆಚ್ಚ ಸುಮಾರು 17,000. ಅಂದರೆ ಹೆಚ್ಚುಕಡಿಮೆ ಸಮಸಮ, ಲಾಭವಲ್ಲ. ಕೆನಡಾದ ‘ಅಟ್ ಹೋಮ್’ ಅಧ್ಯಯನದಲ್ಲಿ, ಮನೆ ಸಿಗುವ ಮುನ್ನ ಸೇವೆಗಳ ಖರ್ಚು ಅತಿ ಹೆಚ್ಚಿದ್ದ ಶೇ. 10ರಷ್ಟು ಜನರ ವಿಷಯದಲ್ಲಿ ಹೂಡಿದ ಪ್ರತಿ 10 ಡಾಲರಿಗೆ 21.72 ಡಾಲರ್ ಉಳಿದರೆ, ಮಧ್ಯಮ ಮಟ್ಟದ ನೆರವು ಬೇಕಾಗಿದ್ದವರ ವಿಷಯದಲ್ಲಿ ಉಳಿದದ್ದು 3.42 ಮಾತ್ರ. ಉಳಿತಾಯವನ್ನೇ ಗುರಿ ಮಾಡಿಕೊಂಡ ಸಂಸ್ಥೆ ಯಾರನ್ನು ಆರಿಸಿಕೊಳ್ಳುತ್ತದೆ ಎಂಬುದನ್ನು ಊಹಿಸಿ: ವಾರಕ್ಕೆರಡು ಸಲ ಆಂಬುಲೆನ್ಸ್ ಏರುವವನಿಗೆ ಮನೆ ಸಿಗುತ್ತದೆ, ಯಾರಿಗೂ ತೊಂದರೆ ಕೊಡದೆ ಚರ್ಚಿನ ಮೆಟ್ಟಿಲ ಮೇಲೆ ಮಲಗುವ ಮುದುಕಿ ಅಲ್ಲೇ ಉಳಿಯುತ್ತಾಳೆ. ಮೇಲಾಗಿ ಜೈಲಿನಲ್ಲಿ ನಾಲ್ಕು ಹಾಸಿಗೆ ಖಾಲಿಯಾದ ಮಾತ್ರಕ್ಕೆ ಕಾವಲುಗಾರರ ಸಂಬಳ ಇಳಿಯುವುದಿಲ್ಲ. ಕಾಗದದ ಮೇಲಿನ ಉಳಿತಾಯ ಖಜಾನೆಗೆ ಮರಳುವುದು ಅಪರೂಪ. ಇನ್ನೊಂದು ವಿಚಿತ್ರವೂ ಇದೆ. ಮನೆ ಸಿಕ್ಕವರು ವರ್ಷಗಳಿಂದ ಮುಂದೂಡಿದ್ದ ಹಲ್ಲಿನ ಚಿಕಿತ್ಸೆಗೋ ಸಕ್ಕರೆ ಕಾಯಿಲೆಯ ತಪಾಸಣೆಗೋ ಹೋಗತೊಡಗುತ್ತಾರೆ, ಲೆಕ್ಕದಲ್ಲಿ ಅದು ‘ಹೆಚ್ಚಿದ ವೆಚ್ಚ’ ಎಂದು ದಾಖಲಾಗುತ್ತದೆ.

ನೀವು ಬೆಂಗಳೂರಿನಿಂದ ಕೇಳುತ್ತಿರುವುದರಿಂದ ಈ ಮಾತು ಇನ್ನಷ್ಟು ಮುಖ್ಯ. ಭಾರತದಲ್ಲಿ ಬೀದಿಯಲ್ಲಿ ಮಲಗುವವರ ಮೇಲೆ ಸರ್ಕಾರ ಖರ್ಚು ಮಾಡುವುದೇ ಅತ್ಯಲ್ಪವಾದ್ದರಿಂದ, ಉಳಿಸಿ ತೋರಿಸಲು ಹೆಚ್ಚೇನೂ ಇರುವುದಿಲ್ಲ. ನ್ಯೂಯಾರ್ಕ್ ಮಾದರಿಯ ಲೆಕ್ಕ ಹಾಕಿದರೆ ನಿಮ್ಮ ಯೋಜನೆ ನಷ್ಟದ ಬಾಬತ್ತಾಗಿ ಕಾಣುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ಆಶ್ರಯ ಇರಬೇಕೆಂದಿತ್ತು. ಅದು ಜಾಗದ ಎಣಿಕೆ. ಅಲ್ಲಿ ತಂಗಿದವರು ವರ್ಷದ ಬಳಿಕ ಎಲ್ಲಿದ್ದಾರೆ ಎಂಬುದನ್ನು ಅದು ಹೇಳುವುದಿಲ್ಲ. ನಿಮ್ಮ ಕೈಲಾಗುವುದು ಇಷ್ಟು: ಸೇರಿದ ದಿನವೇ ಪ್ರತಿಯೊಬ್ಬರ ಹಿಂದಿನ ಮೂರು ತಿಂಗಳ ರಾತ್ರಿಗಳನ್ನು ಬರೆದಿಡಿ, ಜಾಗ ಸಾಲದೆ ಕಾಯುವ ಪಟ್ಟಿಯಲ್ಲಿ ಉಳಿದವರನ್ನೂ ಹಾಗೆಯೇ ವಿಚಾರಿಸಿ, ಆರು ತಿಂಗಳಿಗೊಮ್ಮೆ ಎರಡೂ ಗುಂಪಿನವರನ್ನು ಹುಡುಕಿ. ಹುಡುಕಿದರೂ ಸಿಗದವರ ಸಂಖ್ಯೆಯನ್ನು ಅನುಬಂಧಕ್ಕೆ ತಳ್ಳದೆ ವರದಿಯ ಮೊದಲ ಪುಟದಲ್ಲೇ ಹಾಕಿ. ಏಕೆಂದರೆ ಸಿಕ್ಕವರಲ್ಲಿ ಹೆಚ್ಚಿನವರು ಚೆನ್ನಾಗಿರುವವರೇ ಆಗಿರುತ್ತಾರೆ.